ದಾದಾಭಾಯಿಯವರ ಕಪಾಟು ನೆನೆಯುತ್ತಿದೆ: ಮಾಡಿನ ದುರಸ್ತಿಗೆ ನೆರವಾಗಿ

ಮಾನ್ಯ ದಾನಿಗಳೇ,

ಮುಂಬಯಿ ಫೋರ್ಟಿನ ನಮ್ಮ ವಾಚನಾಲಯ, ರಾತ್ರಿಶಾಲೆಗಳ ಪರಿಚಯವನ್ನು ತಮಗೆ ಹೊಸದಾಗಿ ಹೇಳಬೇಕಿಲ್ಲ. ಕಳೆದ ಮಳೆಗಾಲದಲ್ಲಿ ಮಾಡು ಸೋರಿ ದಾದಾಭಾಯಿ ನವರೋಜಿಯವರ ಪುಸ್ತಕಗಳ ಕಪಾಟು ನೆನೆಯಿತು. ಜೂನ್ ಎರಡನೇ ವಾರಕ್ಕೆ ಮತ್ತೆ ಮಳೆ ಹಿಡಿಯುತ್ತದೆ. ಮೇ 31ರೊಳಗೆ ಕೆಲಸ ಮುಗಿಯಲೇಬೇಕು.

ಗಣಿತ ಕಲಿಸುತ್ತಿದ್ದ ದಾದಾಭಾಯಿ 1855ರಲ್ಲಿ ಕಾಮಾ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ಹೋದರು. ಅಫೀಮು, ಮದ್ಯದ ಲಾಭ ಬೇಡವೆಂದು ಹೊರಬಂದು 1859ರಲ್ಲಿ ಸ್ವಂತ ಹತ್ತಿ ವ್ಯಾಪಾರ ಹೂಡಿದರು. ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಅದೂ ಮುಳುಗಿತು. ವ್ಯಾಪಾರಿಯ ಲೆಕ್ಕದ ಕಣ್ಣು ಉಳಿಯಿತು. ಸರ್ಕಾರಿ ವರದಿಗಳಲ್ಲಿ ಜಿಲ್ಲೆಗಳ ಎಕರೆವಾರು ಇಳುವರಿಯನ್ನು ಕೂಡಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆದ ತಪ್ಪನ್ನು ಅವರು ಹಿಡಿದರು: ಹೆಚ್ಚು ಬಿತ್ತುವ ಜಿಲ್ಲೆಗೂ ಕಡಿಮೆ ಬಿತ್ತುವ ಜಿಲ್ಲೆಗೂ ಒಂದೇ ತೂಕ! ಎಕರೆ, ಇಳುವರಿ, ಬೆಲೆಗಳನ್ನು ಗುಣಿಸಿ ಒಟ್ಟು ಮೌಲ್ಯವನ್ನು ಜನಸಂಖ್ಯೆಗೆ ಹಂಚಿದಾಗ ಭಾರತೀಯರ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಎಂದು ಬಂತು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಬ್ರಿಟಿಷ್ ಸಂಸತ್ತಿಗೆ ಗೆದ್ದದ್ದು ಬೆರಳೆಣಿಕೆಯ ಮತಗಳಿಂದ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬರುವ ನಮ್ಮ ಹುಡುಗರು ಸರಾಸರಿಯ ಪಾಠವನ್ನು ದಾದಾಭಾಯಿಯವರ ಆ ಇಳುವರಿಯ ಲೆಕ್ಕದಿಂದಲೇ ಕಲಿಯುತ್ತಾರೆ. 2025ರಲ್ಲಿ, ದಾದಾಭಾಯಿ ಹುಟ್ಟಿ 200 ವರ್ಷ ತುಂಬಿದಾಗ, ಪ್ರದರ್ಶನ ನಡೆಸಿದವರೂ ಆ ಹುಡುಗರೇ. ಅದು ನಮಗೆ ಇಂದಿಗೂ ಹೆಮ್ಮೆ.

ಮಾಡಿನ ಮಂಗಳೂರು ಹಂಚುಗಳು ಬಹುಪಾಲು ಗಟ್ಟಿಯಾಗಿವೆ. ಕೆಟ್ಟಿರುವುದು ಅಡಿಯ ರೀಪು, ಅಂದರೆ ಹಂಚು ಕೂರುವ ಮರದ ಪಟ್ಟಿ. ಗೆದ್ದಲು ತಿಂದು ಜಗ್ಗಿದ್ದರಿಂದ ಹಂಚಿನ ಕೊಂಡಿ ಬಿಟ್ಟು, ಗಾಳಿಮಳೆಯ ಎರಚಲು ಒಳಬರುತ್ತಿದೆ. ಎರಡು ಮಾಡು ಕೂಡುವಲ್ಲಿನ ತಗಡು ತುಕ್ಕು ತಿಂದು ತೂತಾಗಿದೆ. ಕಳೆದ ಸಲ ಟಾರ್ಪಾಲು ಕಟ್ಟಿದೆವು. ತೇವ ಒಳಗೇ ಕೂತು ಬೂಷ್ಟು ಹೆಚ್ಚಿತು. ಇನ್ನು ತೇಪೆ ಸಾಲದು. ಹಂಚು ಇಳಿಸಿ, ರೀಪು, ತಗಡು ಬದಲಿಸಿ, ಮತ್ತೆ ಹೊದಿಸಬೇಕು.

ನೆನೆದ ಸಂಪುಟಗಳನ್ನು ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ. ಹಾಳೆಗಳ ನಡುನಡುವೆ ಒತ್ತುಕಾಗದ ಇಟ್ಟು, ಅದನ್ನು ಬದಲಿಸುತ್ತ ಫ್ಯಾನ್ ಗಾಳಿಯಲ್ಲಿ ಒಣಗಿಸಿದ್ದೇವೆ. ಹರಿದದ್ದಕ್ಕೆ ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಬೇಕು. ಸೆಲೋಟೇಪು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಅಕ್ಷರವನ್ನೇ ತಿನ್ನುತ್ತದೆ.

ಮಾಡಿಗೆ ಸುಮಾರು ನಾಲ್ಕೂವರೆ ಲಕ್ಷ, ಪುಸ್ತಕಗಳಿಗೆ ಒಂದೂಕಾಲು ಲಕ್ಷ ರೂಪಾಯಿ ಬೇಕಾಗಬಹುದು. ಕೈಯಲ್ಲಿರುವುದು ಎರಡು ಲಕ್ಷದ ಆಸುಪಾಸು. ತಮ್ಮಿಂದಾದಷ್ಟು ಕೊಡಿ. ಮರದ ವ್ಯಾಪಾರದಲ್ಲಿರುವವರು ಗೆದ್ದಲು ಹಿಡಿಯದ ಒಣ ರೀಪುಗಳನ್ನೇ ಕೊಟ್ಟರೂ ಆದೀತು. ಕಚೇರಿಗೆ ಸಂಜೆ 6ರ ನಂತರ ಬಂದರೆ ರಸೀದಿ ಕೊಟ್ಟು, ಕಪಾಟನ್ನೂ ತೋರಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಧರ್ಮದರ್ಶಿಗಳು