ಗುಂಡು ತಿಂದ ದೇವದೂತರು

ಪ್ರೀತಿಯ ರಘು,

ಬ್ಲೈತ್‌ಬರ್ಗ್ ಚರ್ಚಿನ ಫೋಟೋ ನೋಡಿ ನೀನು ಕೇಳಿದ್ದು ನ್ಯಾಯವಾಗಿಯೇ ಇದೆ. ಬೆರಳೆಣಿಕೆಯ ಮನೆಗಳಿರುವ ಊರಿಗೆ ಅಷ್ಟು ದೊಡ್ಡ ಚರ್ಚ್ ಯಾಕೆ? ವಾಟ್ಸಾಪಿನಲ್ಲಿ ಎರಡು ಸಾಲಿಗೆ ಮುಗಿಯುವ ಉತ್ತರವಲ್ಲ ಅದು. ಅದಕ್ಕೇ ಈ ಪತ್ರ.

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಫಕ್ ಅಂತ ಒಂದು ಸೀಮೆ. ಅಲ್ಲಿ ಬ್ಲೈತ್ ನದಿ ಸಮುದ್ರ ಸೇರುವ ಮುಂಚೆ ಹರಡಿಕೊಂಡು ಬರೀ ಕೆಸರು, ಜೊಂಡು ಆಗಿಬಿಡುತ್ತದೆ. ಅದರ ದಡದ ದಿಬ್ಬದ ಮೇಲೆ ಈ ಹೋಲಿ ಟ್ರಿನಿಟಿ ಚರ್ಚ್ ಇದೆ. ಜನ ಇದನ್ನು 'ಜೌಗಿನ ಕೆಥೆಡ್ರಲ್' ಅಂತ ಕರೆಯುತ್ತಾರೆ. ಕೆಥೆಡ್ರಲ್ ಅಂದರೆ ಬಿಷಪ್ಪಿನ ಪೀಠ ಇರುವ ಚರ್ಚ್. ಆದರೆ ಇಲ್ಲಿ ಯಾವ ಬಿಷಪ್ಪೂ ಇರಲಿಲ್ಲ. ಇದು ಬರೀ ಊರಿನ ಪಾರಿಷ್ ಚರ್ಚ್.

ಮಧ್ಯಯುಗದಲ್ಲಿ ಹಡಗುಗಳು ಈ ನದಿಯಲ್ಲೇ ಊರಿನ ತನಕ ಬರುತ್ತಿದ್ದವು. ಸಂತೆ, ವ್ಯಾಪಾರ ಜೋರಾಗಿತ್ತು. ಪಕ್ಕದಲ್ಲೇ ಅಗಸ್ಟೀನಿಯನ್ ಸನ್ಯಾಸಿಗಳ ಮಠ. 1412ರಲ್ಲಿ ದೊರೆ ನಾಲ್ಕನೇ ಹೆನ್ರಿ ಈ ಮಠಕ್ಕೆ ಚರ್ಚನ್ನು ಹೊಸದಾಗಿ ಕಟ್ಟಲು ಅನುಮತಿ ಕೊಟ್ಟ. ಹಳೆಯ ಗೋಪುರ ಉಳಿಸಿಕೊಂಡು ಮಿಕ್ಕಿದ್ದನ್ನು ಆ ಶತಮಾನದಲ್ಲಿ ಎಬ್ಬಿಸಿದರು. ಆಮೇಲೆ ಹಡಗುಗಳು ದೊಡ್ಡವಾದವು, ನದಿಯಲ್ಲಿ ಹೂಳು ತುಂಬಿತು. 1530ರ ದಶಕದಲ್ಲಿ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ. ಊರು ಕುಗ್ಗಿತು. ಚರ್ಚ್ ಮಾತ್ರ ಹಳೆಯ ಅಳತೆಯಲ್ಲೇ ನಿಂತಿದೆ.

ಸಫಕ್‌ನಲ್ಲಿ ಕಟ್ಟಡಕ್ಕೆ ಒಳ್ಳೆಯ ಕಲ್ಲು ಸಿಗುವುದಿಲ್ಲ. ಸಿಗುವುದು ಚಕಮಕಿ ಕಲ್ಲು. ಅದನ್ನು ಒಡೆದರೆ ಒಳಗೆ ಕಪ್ಪಗೆ, ಗಾಜಿನ ಹಾಗೆ ನಯವಾಗಿರುತ್ತದೆ. ಆ ಕಪ್ಪು ಮುಖವನ್ನು ಹೊರಗಿಟ್ಟು, ಹೊರಗಿನಿಂದ ತರಿಸಿದ ಬಿಳಿ ಕಲ್ಲಿನ ನಡುವೆ ಕೂರಿಸಿ ಗೋಡೆಯಲ್ಲಿ ಚಿತ್ತಾರ ಮಾಡಿದ್ದಾರೆ. ಪೂರ್ವದ ಗೋಡೆಯಲ್ಲಿ ಇದೇ ಕೆಲಸದಲ್ಲಿ ಅಕ್ಷರಗಳ ಸಾಲೇ ಇದೆ.

ಒಳಗೆ ಹೋದರೆ ಮೊದಲು ಕಣ್ಣಿಗೆ ಹೊಡೆಯುವುದು ಬೆಳಕು. ಕಂಬಗಳ ಮೇಲಿನ ಗೋಡೆಯಲ್ಲಿ, ಒಂದೊಂದು ಬದಿಗೆ 18ರಂತೆ ಒತ್ತೊತ್ತಾಗಿ ಕಿಟಕಿಗಳಿವೆ. ಬಣ್ಣದ ಗಾಜು ಹೆಚ್ಚೇನೂ ಉಳಿದಿಲ್ಲವಾದ್ದರಿಂದ ಬೆಳಕು ನೇರವಾಗಿ ಚಾವಣಿಗೆ ಬೀಳುತ್ತದೆ. ಆ ಚಾವಣಿಗಾಗಿಯೇ ಇಲ್ಲಿಗೆ ಬರಬೇಕು ಕಣೋ. ಅಡ್ಡ ತೊಲೆಗಳ ನಡುಮಧ್ಯೆ ಮರದ ದೇವದೂತರು ಬೆನ್ನಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಚ್ಚಿ ನಿಂತಿದ್ದಾರೆ. ಒಬ್ಬನ ಮುಖ ಪೂರ್ವಕ್ಕೆ, ಇನ್ನೊಬ್ಬನದು ಪಶ್ಚಿಮಕ್ಕೆ. ಕೆಲವರು ಬಿದ್ದುಹೋಗಿದ್ದಾರೆ. ತೊಲೆ, ಜಂತೆಗಳ ಮೇಲೆ ಕೆಂಪು, ಹಸಿರು ಹೂವಿನ ಅಚ್ಚುಗಳು ಮಾಸಿದ್ದರೂ ಕಾಣುತ್ತವೆ. ಮಧ್ಯಯುಗದ್ದೇ ಬಣ್ಣ ಅದು, ಯಾರೂ ಮತ್ತೆ ಬಳಿದಿಲ್ಲ.

ಕೆಳಗೆ ಬೆಂಚುಗಳ ತುದಿಯಲ್ಲಿ ಪುಟ್ಟ ಮರದ ಬೊಂಬೆಗಳಿವೆ. ಪಾಪಗಳ ಪಾಠ. ಸೋಮಾರಿ ಹಾಸಿಗೆ ಬಿಟ್ಟಿಲ್ಲ. ಹೊಟ್ಟೆಬಾಕ ಹೊಟ್ಟೆ ಹಿಡಿದುಕೊಂಡಿದ್ದಾನೆ. ಜಿಪುಣ ಹಣದ ಪೆಟ್ಟಿಗೆ ಮೇಲೆ ಕೂತಿದ್ದಾನೆ. ಚಾಡಿಕೋರನ ನಾಲಗೆ ಹೊರಗಿದೆ. ಆಷಾಢಭೂತಿ ಕೈ ಮುಗಿದಿದ್ದಾನೆ, ಕಣ್ಣು ಮಾತ್ರ ಮುಚ್ಚಿಲ್ಲ! ನನಗೆ ದೇವದೂತರಿಗಿಂತ ಇವರೇ ಜಾಸ್ತಿ ಹತ್ತಿರದವರು.

ಈಗ ಕಥೆಗಳಿಗೆ ಬರ್ತೀನಿ. 1577ರ ಆಗಸ್ಟ್ 4, ಭಾನುವಾರ. ಪ್ರಾರ್ಥನೆ ನಡೆಯುವಾಗ ಭಾರೀ ಸಿಡಿಲು ಮಳೆ ಬಂತು. ಗೋಪುರದ ಚೂಪು ಶಿಖರ ಬಿತ್ತು, ಜನ ಸತ್ತರು. ಅದೇ ದಿನ ಬಂಗೀ ಎಂಬ ಊರಿನ ಚರ್ಚಿನಲ್ಲೂ ಹೀಗೇ ಆಯಿತು. ಲಂಡನ್ನಿನ ಅಬ್ರಹಾಂ ಫ್ಲೆಮಿಂಗ್ ಎಂಬಾತ ಒಂದು ಕರಪತ್ರ ಅಚ್ಚು ಹಾಕಿಸಿ, ಇದೆಲ್ಲ ಕಪ್ಪು ನಾಯಿಯ ರೂಪದಲ್ಲಿ ಬಂದ ಸೈತಾನನ ಕೆಲಸ ಅಂತ ಬರೆದ. ಉತ್ತರದ ಬಾಗಿಲಿನ ಮೇಲಿನ ಸುಟ್ಟ ಕಲೆಗಳನ್ನು ಈಗಲೂ ಆ ನಾಯಿಯ ಉಗುರಿನ ಗುರುತು ಅಂತ ತೋರಿಸುತ್ತಾರೆ. ಇಂಥ ಕಲೆಗಳು ಇಂಗ್ಲೆಂಡಿನ ಹಳೆಯ ಮನೆಗಳ ಮರದ ಮೇಲೆ ಬೇಕಾದಷ್ಟಿವೆ. ಕೇಡು ಒಳಗೆ ಬಾರದಿರಲಿ ಅಂತ ಮೇಣದಬತ್ತಿ ಹಿಡಿದು ಬೇಕಂತಲೇ ಸುಡುತ್ತಿದ್ದರು ಎನ್ನುವುದು ಬಲ್ಲವರ ಅಂದಾಜು. ನನಗೇನೋ ನಾಯಿಗಿಂತ ಮೇಣದಬತ್ತಿಯೇ ಸರಿ ಅನ್ನಿಸುತ್ತದೆ.

ಎರಡನೆಯ ಕಥೆಯ ಖಳನಾಯಕ ವಿಲಿಯಂ ಡೌಸಿಂಗ್. ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟಿನ ಕಡೆಯವರು ಚರ್ಚುಗಳ ವಿಗ್ರಹ, ಚಿತ್ರ ಕೀಳಿಸಲು ಕಳಿಸಿದವನು. 1644ರ ಏಪ್ರಿಲ್‌ನಲ್ಲಿ ಇಲ್ಲಿಗೂ ಬಂದ. ತಾನು ಏನೇನು ಒಡೆಸಿದೆ ಅಂತ ಡೈರಿ ಬರೆದಿಟ್ಟಿದ್ದಾನೆ. ಈ ಚರ್ಚಿನ 20 ದೇವದೂತರನ್ನು ಇಳಿಸಬೇಕು, 200ಕ್ಕೂ ಹೆಚ್ಚು ಚಿತ್ರಗಳನ್ನು 8 ದಿನದಲ್ಲಿ ತೆಗೆಯಬೇಕು ಅಂತ ಅಪ್ಪಣೆ ಮಾಡಿದ್ದು ಅದರಲ್ಲಿದೆ. ಆದರೆ ಚಾವಣಿಗೆ ಕೈ ಎಟುಕಬೇಕಲ್ಲ! ಎಟುಕದ್ದಕ್ಕೆ ಅವನ ಕಡೆಯ ಸಿಪಾಯಿಗಳು ಕೆಳಗಿನಿಂದ ದೇವದೂತರಿಗೆ ಗುಂಡು ಹೊಡೆದರು ಅಂತ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಗುಂಡೇನೋ ನಿಜವೇ. ಮರದೊಳಗೆ ಸೀಸದ ಚೂರುಗಳು ಸಿಕ್ಕಿವೆ.

ಆದರೆ ಚರ್ಚಿನ ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ. 18ನೇ ಶತಮಾನದಲ್ಲಿ ಒಳಗೆ ಸೇರಿಕೊಂಡಿದ್ದ ಜಾಕ್‌ಡಾ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆ ದುಡ್ಡು ಕೊಟ್ಟ ಲೆಕ್ಕ ಅದರಲ್ಲಿದೆ. ಸಿಕ್ಕ ಸೀಸವೂ ಆ ಕಾಲದ್ದೇ. ಹಕ್ಕಿ ಹುಚ್ಚಿನ ನಿನಗೆ ಜಾಕ್‌ಡಾ ಗೊತ್ತಿರುತ್ತೆ: ಕಾಗೆ ಜಾತಿಯ ಸಣ್ಣ ಹಕ್ಕಿ, ಬೂದು ಕತ್ತು, ಬೆಳ್ಳಗಿನ ಕಣ್ಣು, ಸಂದುಗೊಂದು ಕಂಡಲ್ಲಿ ಗೂಡು. ಅಂದರೆ ಗುಂಡು ಹಾರಿಸಿದವರು ಚರ್ಚಿನ ಸೊಂತ ಜನವೇ! ಡೌಸಿಂಗ್ ಮಾಡಿದ ಹಾಳು ಕಡಿಮೆಯೇನಲ್ಲ, ಆದರೆ ಮಾಡದ್ದನ್ನೂ ಅವನ ತಲೆಗೇ ಕಟ್ಟಿದ್ದಾರೆ ನೋಡು.

ಇನ್ನೊಂದು ಮಾತು. ಚಾವಣಿಯ ಆ ಬಣ್ಣ ಉಳಿದಿದ್ದಕ್ಕೆ ಬಡತನವೂ ಕಾರಣ. 19ನೇ ಶತಮಾನದಲ್ಲಿ ದುಡ್ಡಿದ್ದ ಊರುಗಳು 'ಜೀರ್ಣೋದ್ಧಾರ' ಅಂತ ಹಳೆಯದನ್ನೆಲ್ಲ ಕೆರೆದು ಹೊಸದು ಮಾಡಿಕೊಂಡವು. ಇಲ್ಲಿ ಕಿಟಕಿಗೆ ಇಟ್ಟಿಗೆ ಮುಚ್ಚಿದ್ದರು, ಮಳೆ ಬಂದರೆ ಒಳಗೇ ಕೊಡೆ ಬಿಚ್ಚಬೇಕಿತ್ತಂತೆ. 1881ರಲ್ಲಿ ಅಪಾಯ ಅಂತ ಬಿಷಪ್ ಬೀಗ ಹಾಕಿಸಿದ. ಆಗ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ್ದ ಹಳೆ ಕಟ್ಟಡಗಳ ರಕ್ಷಣಾ ಸಂಘ ಮಧ್ಯೆ ಬಂದು, ರಿಪೇರಿ ಮಾಡಿ ಸಾಕು, ಹೊಸದು ಮಾಡಬೇಡಿ ಅಂತ ಹಟ ಹಿಡಿಯಿತು. ಜಗಳ ಜೋರಾಗಿಯೇ ನಡೆಯಿತು. 1884ರಲ್ಲಿ ಚರ್ಚ್ ಮತ್ತೆ ತೆರೆಯಿತು.

ಮುಂದಿನ ವರ್ಷ ನೀನು ಬರುವುದು ಖಾತ್ರಿ ತಾನೇ? ಇಪ್ಸ್‌ವಿಚ್‌ನಿಂದ ಲೋಸ್ಟಾಫ್ಟ್ ಕಡೆಯ ರೈಲು ಹತ್ತಿ ಡಾರ್ಶಮ್‌ನಲ್ಲಿ ಇಳಿದು ಟ್ಯಾಕ್ಸಿ ಮಾಡಿದರಾಯಿತು. ನಿನ್ನ ಬೈನಾಕ್ಯುಲರ್ ಮರೆಯಬೇಡ. ದೇವದೂತರ ಮುಖ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹೊರಗೆ ಕೆಸರಿನಲ್ಲಿ ಆವೊಸೆಟ್ ಹಕ್ಕಿಗಳೂ ಇರುತ್ತವೆ. ಅವನ್ನು ನೀನು ನೋಡ್ಕೋ, ನಾನು ಅಷ್ಟರಲ್ಲಿ ಟೀ ಕುಡೀತಿರ್ತೀನಿ.

ನಿನ್ನ,
ಶ್ರೀಧರ