ಹೆಡ್‌ಸೆಟ್ ಹಾಕಿದವರ ಸುರಕ್ಷತೆ

ಮಾನ್ಯ ಸಂಪಾದಕರೇ,

ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಒಳಹೊಗುವ ವರ್ಚುವಲ್ ರಿಯಾಲಿಟಿ (ಕಂಪ್ಯೂಟರ್ ಸೃಷ್ಟಿಸಿದ ಲೋಕ) ತಾಣಗಳಲ್ಲಿ ಕಿರುಕುಳ ಕೊಡುವವರು ಮೈಮೇಲೆ ಬಿದ್ದಂತೆ ಹತ್ತಿರ ಬರುತ್ತಾರೆ. ಹೆಡ್‌ಸೆಟ್ ಹಾಕಿದವರಿಗೆ ಅದು ನಿಜವೆಂದೇ ಅನಿಸುತ್ತದೆ. ದೂರುಗಳ ನಂತರ, 2022ರ ಫೆಬ್ರುವರಿಯಲ್ಲಿ ಫೇಸ್‌ಬುಕ್‌ನ ಮೆಟಾ ಕಂಪನಿ ತನ್ನ ಇಂಥ ತಾಣವಾದ ಹೊರೈಜನ್ ವರ್ಲ್ಡ್ಸ್‌ನಲ್ಲಿ ಅವತಾರಗಳ (ಬಳಕೆದಾರರ ಡಿಜಿಟಲ್ ರೂಪಗಳ) ನಡುವೆ ಸುಮಾರು 4 ಅಡಿ ಅಂತರ ತಂದಿತು. ಒಳ್ಳೆಯದೇ. ಆದರೆ ಬೈಗುಳಕ್ಕೆ ಅಂತರ ಅಡ್ಡ ಬರುವುದಿಲ್ಲ ಅಲ್ವಾ? ಅದನ್ನು ತಡೆಯಲು ಮಾತು, ಚಲನೆ ಎಲ್ಲ ರೆಕಾರ್ಡ್ ಮಾಡಬೇಕಾಗುತ್ತದೆ.

ನನಗೆ ಜಾಸ್ತಿ ಆತಂಕ ಇರುವುದು ಇಲ್ಲೇ. 2023ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ತಲೆ, ಕೈಗಳ 100 ಸೆಕೆಂಡಿನ ಚಲನೆಯಿಂದಲೇ 50,000ಕ್ಕೂ ಹೆಚ್ಚು ಬಳಕೆದಾರರಲ್ಲಿ ಒಬ್ಬರನ್ನು ಶೇ 94ರಷ್ಟು ನಿಖರವಾಗಿ ಗುರುತಿಸಬಹುದೆಂದು ತೋರಿಸಿದರು. ಹೆಸರು ಮುಚ್ಚಿಟ್ಟು ಏನು ಪ್ರಯೋಜನ? ರೆಕಾರ್ಡಿಂಗ್ ಹೆಡ್‌ಸೆಟ್‌ನಲ್ಲೇ ಇರಲಿ. ಬಳಕೆದಾರರು ದೂರು ಕೊಟ್ಟಾಗ ಮಾತ್ರ ಕಂಪನಿಗೆ ಹೋಗಲಿ, ತೀರ್ಮಾನವಾದ ಮೇಲೆ ಅಳಿಸಲಿ. ಮಕ್ಕಳು ಸೇರುವ ಜಾಗಗಳಲ್ಲಂತೂ ಬರೀ ಸಾಫ್ಟ್‌ವೇರ್ ಸಾಲದು, ಮನುಷ್ಯರೇ ನಿಗಾ ಇಡಬೇಕು.

– ಒಬ್ಬ ಓದುಗ