ಸರದಿಯಲ್ಲಿ ನನ್ನದು ಕೊನೆಯ ಮನೆ

ಜೂನ್ ತಿಂಗಳ ಮಳೆಯಲ್ಲಿ ಅಂಗಳದ ಪಾಚಿಗೆ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ ನಾನು, ಸೆಪ್ಟೆಂಬರ್ 27ರಂದು, ಸಂತ ವಿನ್ಸೆಂಟ್ ಡಿ ಪೌಲರ ಹಬ್ಬದ ದಿನವೇ, ಊರುಗೋಲಿನ ಆಸರೆಯಲ್ಲಿ ಇಗರ್ಜಿಯ ಮೆಟ್ಟಿಲು ಹತ್ತಿ ಬಲಿಪೂಜೆಯಲ್ಲಿ ಪಾಲ್ಗೊಂಡೆ. ಅಷ್ಟೂ ದಿನ ನನಗೆ ಮಧ್ಯಾಹ್ನದ ಊಟ ತಂದುಕೊಟ್ಟ, ಸಂತರ ಹೆಸರಿನ ಸೊಸೈಟಿಯ ನಮ್ಮ ಧರ್ಮಕೇಂದ್ರದ ಸದಸ್ಯರಿಗೆ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಮೊದಲು ನನಗೊಂದು ಅಸಮಾಧಾನವಿತ್ತೆಂದು ಒಪ್ಪಿಕೊಳ್ಳಬೇಕು. ಇತರ ಮನೆಗಳನ್ನೆಲ್ಲ ಮುಗಿಸಿ ನನ್ನಲ್ಲಿಗೆ ಬರುವಾಗ ಗಂಜಿ ಆರಿರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. “ಬಾಯಿ, ನಿಮ್ಮ ಮನೆಯಲ್ಲಿ ಮಾತಿಗೆ ಬೇರೆ ಯಾರೂ ಇಲ್ಲವಲ್ಲ, ಕೊನೆಗೆ ಬಂದರೆ ಅವಸರವಿಲ್ಲದೆ ಕುಳಿತುಕೊಳ್ಳಬಹುದು” ಎಂದರು. ಇದು ಸಂತರ ಕಾಲದ ನಿಯಮವೆಂಬುದು ನನಗೆ ತಿಳಿದದ್ದು ಆಮೇಲೆ.

1617ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಊರಿನಲ್ಲಿ ಧರ್ಮಗುರುವಾಗಿದ್ದ ವಿನ್ಸೆಂಟರು, ಮನೆಮಂದಿಯೆಲ್ಲ ಕಾಯಿಲೆ ಬಿದ್ದು ಆರೈಕೆಗೆ ಯಾರೂ ಇಲ್ಲದ ಒಂದು ಕುಟುಂಬದ ಸುದ್ದಿಯನ್ನು ಭಾನುವಾರದ ಪ್ರಸಂಗದಲ್ಲಿ ತಿಳಿಸಿದರು. ತಾವೂ ನೋಡಲು ಹೊರಟಾಗ ದಾರಿಯುದ್ದಕ್ಕೂ ಆ ಮನೆಗೆ ಆಹಾರ ಹೊತ್ತು ಹೋಗುವವರೇ ಕಂಡರು. ರೈತನ ಮಗನಾದ ಅವರಿಗೆ ಅದರ ಕೊರತೆಯೂ ಕಂಡಿತು: ಇಂದು ಉಂಡು ಮಿಕ್ಕಿದ್ದು ಹಳಸುತ್ತದೆ, ನಾಳೆ ಒಲೆ ಹೊತ್ತುವುದಿಲ್ಲ. ಆದ್ದರಿಂದ ಊರಿನ ಹೆಂಗಸರನ್ನು ಸೇರಿಸಿ ಸರದಿ ಗೊತ್ತುಮಾಡಿದರು. ಅವರು ಬರೆದ ನಿಯಮಾವಳಿಯಲ್ಲಿ ರೋಗಿಯ ಕೈ ತೊಳೆಸುವುದು, ಹಾಸಿಗೆಯ ಮೇಲೆ ಬಟ್ಟೆ ಹಾಸಿ ಬಡಿಸುವುದು, ನಗುಮೊಗದಿಂದ ಉಪಚರಿಸಿ ಉಣ್ಣಿಸುವುದು ಎಲ್ಲವೂ ಇದೆ. ಜೊತೆಗೆ ಯಾರಾದರೂ ಇರುವ ರೋಗಿಯಿಂದ ಆರಂಭಿಸಿ ಒಂಟಿಯಾಗಿರುವವರಲ್ಲಿ ಮುಗಿಸಬೇಕು, ಆಗ ಅವರ ಬಳಿ ಹೆಚ್ಚು ಹೊತ್ತು ಇರಬಹುದು ಎಂದೂ ಇದೆ. ಅನ್ನ ಕೊಡಬೇಕೆಂದು ಹೇಳಿದವರು ಬಹಳ ಮಂದಿ. ಯಾರ ಮನೆಗೆ ಕೊನೆಗೆ ಹೋಗಬೇಕೆಂದು ಯೋಚಿಸಿದವರು ಎಷ್ಟು ಮಂದಿ?

ಸೊಸೈಟಿಯನ್ನು ಫ್ರೆಡರಿಕ್ ಓಝನಾಂ ಮತ್ತು ಗೆಳೆಯರು ಪ್ಯಾರಿಸಿನಲ್ಲಿ ಆರಂಭಿಸಿದ್ದು 1833ರಲ್ಲಿ, ಸಂತರು ತೀರಿಕೊಂಡು 173 ವರ್ಷಗಳಾದ ಮೇಲೆ. ಆ ಅಭ್ಯಾಸ ನಮ್ಮೂರಿನವರೆಗೆ ಹೇಗೆ ಹರಿದುಬಂತೋ, ನನ್ನ ಮಂಚದ ಪಕ್ಕದ ಕುರ್ಚಿಯಂತೂ ಮಧ್ಯಾಹ್ನ ಖಾಲಿ ಇರಲಿಲ್ಲ. ಮಳೆಯಲ್ಲಿ ತೋಯ್ದು ಬಂದವರಿಗೂ, ತಟ್ಟೆ ತೊಳೆದಿಟ್ಟು ಹೋದವರಿಗೂ, ನನ್ನ ಹಳೆಯ ಕಥೆಗಳನ್ನು ಮೂರನೆಯ ಬಾರಿಗೂ ಕೇಳಿಸಿಕೊಂಡವರಿಗೂ ನಾನು ಋಣಿ.

ಇನ್ನು ಗುರುವಾರದ ಸರದಿಗೆ ನನ್ನ ಹೆಸರನ್ನು ಬರೆದುಕೊಳ್ಳಿ. ದೂರ ನಡೆಯಲಾರೆ, ಆದರೆ ಒಲೆಯ ಮುಂದೆ ನಿಲ್ಲಬಲ್ಲೆ. ಗಂಜಿ, ಚಟ್ನಿ ನನ್ನದು, ಒಯ್ಯಲು ಯಾರಾದರೂ ಬನ್ನಿ.